ಕಾರ ಹುಣ್ಣಿಮೆ ಸೂರ್ಯನ ಹಬ್ಬವೇ?

ಪತ್ರ: ಕಾರ ಹುಣ್ಣಿಮೆ ನಮ್ಮ ಹಿರಿಯರು ದಕ್ಷಿಣಾಯನ ಲೆಕ್ಕ ಹಾಕಿ ಮಾಡಿದ ಹಬ್ಬ. 2024ರಲ್ಲಿ ಅದು ಜೂನ್ 21ರ ಹೊತ್ತಿಗೇ ಬಂತು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಕಂಬಗಳ ಬಗ್ಗೆ ಬರೆಯುವ ನೀವು ಇದರ ಬಗ್ಗೆ ಯಾಕೆ ಬರೆಯುವುದಿಲ್ಲ?
– ಓದುಗರು, ಕುಷ್ಟಗಿ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯ್ತು, ಸ್ವಲ್ಪ ಸಿಟ್ಟೂ ಬಂತು. ಆ ವರ್ಷ ಹುಣ್ಣಿಮೆ ಅಯನದ ಹತ್ತಿರ ಬಂದದ್ದು ನಿಜ. ಆದರೆ 2023ರಲ್ಲಿ ಅದು ಜೂನ್ ಮೊದಲ ವಾರ ಬಂದಿತ್ತು, 2025ರಲ್ಲಿ 11ರ ಹೊತ್ತಿಗೆ. ಚಂದ್ರನ ಹಿಂದೆ ಹೋಗುವ ಹಬ್ಬ ಅದು. ಒಂದು ವರ್ಷ ಕೂಡಿ ಬಂದದ್ದನ್ನೇ ಹಿಡಿದರೆ ಹೇಗೆ?

ಸ್ಟೋನ್‌ಹೆಂಜ್ ಇರುವ ಕಡೆ ಬೇಸಿಗೆಯ ಹಗಲು 16 ತಾಸು ದಾಟುತ್ತದೆ, ಚಳಿಗಾಲದಲ್ಲಿ 8 ತಾಸೂ ಇರುವುದಿಲ್ಲ. ಅಂಥಲ್ಲಿ ಸೂರ್ಯ ತಿರುಗಿದ ದಿನಕ್ಕೆ ಜನ ಕಲ್ಲು ನೆಟ್ಟು ಕಾದರೆ ಆಶ್ಚರ್ಯವಿಲ್ಲ. ನಮ್ಮ ರಾಯಚೂರಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಎರಡು ತಾಸಿಗೂ ತುಸು ಕಡಿಮೆ. ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬರುವುದು ಮೇ ಮೊದಲ ವಾರ, ಆಮೇಲೆ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಜೂನ್ 21ರ ಮಧ್ಯಾಹ್ನ ಅವನು ನೆತ್ತಿ ದಾಟಿ ಬಡಗಣಕ್ಕೆ ಹೋಗಿರುತ್ತಾನೆ. ಅಂದು ಮೋಡ ಇಲ್ಲದಿದ್ದರೆ ಅಂಗಳದಲ್ಲಿ ಒಂದು ಕೋಲು ನಿಲ್ಲಿಸಿ ನೋಡಿ, ನೆರಳು ತೆಂಕಣಕ್ಕೆ ಬೀಳುತ್ತದೆ.

ಸಂಕ್ರಾಂತಿ ವಿಷಯವೂ ಹೀಗೇ. ಅಯನ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14-15ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಎರಡರ ನಡುವಿನ ಅಂತರ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಗ್ಗುತ್ತಿದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12ರಂದೇ ಸಂಕ್ರಾಂತಿ ಇತ್ತು. ಸಾವಿರದ ಏಳ್ನೂರು ವರ್ಷಗಳ ಹಿಂದೆ ಅಯನ, ಸಂಕ್ರಾಂತಿ ಎರಡೂ ಹೆಚ್ಚುಕಡಿಮೆ ಒಂದೇ ದಿನ ಬರುತ್ತಿದ್ದವು. ಈ ಮಾತು ಎಷ್ಟು ಸಲ ಬರೆದರೂ ಪ್ರತಿ ಜನವರಿಗೆ 'ಇಂದು ಉತ್ತರಾಯಣ ಆರಂಭ' ಎಂಬ ಸಂದೇಶ ಮೊಬೈಲಿಗೆ ಬಂದೇ ಬರುತ್ತದೆ!

ಹಾಗಾದರೆ ಕಾರ ಹುಣ್ಣಿಮೆ ಯಾವುದರ ಹಬ್ಬ? ಮಳೆಯದು, ಎತ್ತಿನದು. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಅವನ್ನು ಓಡಿಸಿ ಕರಿ (ಅಡ್ಡ ಕಟ್ಟಿದ ತೋರಣ) ಹರಿಯುವಾಗ ಹಿರಿಯರು ಮೇಲೆ ನೋಡುತ್ತಿರಲಿಲ್ಲ, ಎತ್ತಿನ ಬಣ್ಣ ನೋಡುತ್ತಿದ್ದರು. ಬಿಳಿ ಎತ್ತು ಗೆದ್ದರೆ ಬಿಳಿ ಜೋಳ, ಕೆಂದೆತ್ತು ಗೆದ್ದರೆ ಕೆಂಪು ಕಾಳು ಚೆನ್ನಾಗಿ ಬರುತ್ತದೆಂಬ ಶಕುನ. ಎಳ್ಳ ಅಮಾವಾಸ್ಯೆಗೆ ಚರಗ (ಹೊಲಕ್ಕೆ ಎರಚುವ ನೈವೇದ್ಯ) ಚೆಲ್ಲುವುದೂ ಎರೆಹೊಲದಲ್ಲಿ ನಿಂತ ಜೋಳಕ್ಕಾಗಿ.

ಸೂರ್ಯನ ಲೆಕ್ಕವೇ ಬೇಕೆಂದರೆ ಮಳೆ ನಕ್ಷತ್ರಗಳನ್ನು ಹಿಡಿಯಿರಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಎಂದ ಅಜ್ಜ ಶಾಲೆಯ ಮೆಟ್ಟಿಲು ಹತ್ತದೇ ಈ ಲೆಕ್ಕ ಇಟ್ಟಿದ್ದ. ಅದಕ್ಕೆ ನಾವು ಖಗೋಳ ಎನ್ನುವುದಿಲ್ಲ, ಯಾಕೆಂದರೆ ಅದಕ್ಕೆ ಮಣ್ಣು ಮೆತ್ತಿದೆ! ಹೆಮ್ಮೆಪಡಲು ನಮಗೆ ಯಾವಾಗಲೂ ಕಲ್ಲುಕಂಬ ಬೇಕು, ಋಷಿ ಬೇಕು, ಇಂಗ್ಲೆಂಡಿನ ಜೊತೆ ಪೈಪೋಟಿ ಬೇಕು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ನೂರಾರು ಕಲ್ಮನೆಗಳನ್ನೂ ಈಗ ಕೆಲವರು ಸುಮ್ನೆ ವೀಕ್ಷಣಾಲಯ ಮಾಡಹೊರಟಿದ್ದಾರೆ. ಸತ್ತವರಿಗಾಗಿ ಅಷ್ಟು ಭಾರದ ಚಪ್ಪಡಿ ಎತ್ತಿ ನಿಲ್ಲಿಸಿದ್ದು ಸಾಲದಾಯ್ತೇ?

ಇತ್ತ ಟ್ರ್ಯಾಕ್ಟರ್ ಬಂದು ಹಟ್ಟಿ ಖಾಲಿಯಾದವು, ಬಿತ್ತನೆಯ ಮಾತು ಪಾಠದಲ್ಲಿಲ್ಲ. ನಮ್ಮ ಪತ್ರಿಕೆಗೆ ಬರುವ ಹಬ್ಬದ ಲೇಖನಗಳಲ್ಲೂ ವಿಜ್ಞಾನದ ವಾಸನೆಯೇ ಜಾಸ್ತಿ, ಸಗಣಿಯ ವಾಸನೆ ಕಡಿಮೆ. ನೀವು ಕುಷ್ಟಗಿಯವರು, ನಿಮಗೆ ಗೊತ್ತಿರುವುದು ನಮಗಿಂತ ಹೆಚ್ಚು. ಈ ಸಲ ನಿಮ್ಮೂರಲ್ಲಿ ಯಾವ ಬಣ್ಣದ ಎತ್ತು ಕರಿ ಹರಿಯಿತು, ಹಿರಿಯರು ಏನು ಬಿತ್ತಲು ಹೇಳಿದರು ಎಂದು ಬರೆದು ಕಳಿಸಿ. ಒಂದಿಡೀ ಪುಟ ಕೊಡುತ್ತೇನೆ.