ಬೆಲ್ಟಿಗೆ ಬಿದ್ದ ಮೂರನೇ ತೂತು

ಆ ಗಂಡ ಹೆಂಡತಿ ನನ್ನ ಹತ್ತಿರ ಬಂದಿದ್ದು ಜಗಳದ ವಿಚಾರಕ್ಕೆ. ಮೊದಲ ಅರ್ಧ ಗಂಟೆ ತೂಕದ ಮಾತೇ ಬರಲಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಗಂಡನನ್ನು ಇಲ್ಲಿ ಯಜಮಾನರು ಎಂದಷ್ಟೇ ಕರೆಯುತ್ತೇನೆ. ವಯಸ್ಸು 62.

ಹೆಂಡತಿಯ ದೂರು ಉದ್ದ ಇತ್ತು. "ಮಾತೆತ್ತಿದ್ರೆ ಸಿಡುಕ್ತಾರೆ. ರಾತ್ರಿ ನಾಲ್ಕು ಸಲ ಏಳ್ತಾರೆ, ನನಗೂ ನಿದ್ದೆ ಇಲ್ಲ. ಏನಾಯ್ತು ಅಂದ್ರೆ ಏನೂ ಇಲ್ಲ ಅಂತಾರೆ." ಕೊನೆಗೆ ನಗುತ್ತಾ, "ಈ ವಯಸ್ಸಲ್ಲಿ ಯಾರಿಗೋಸ್ಕರ ಇಷ್ಟು ಸಣ್ಣ ಆಗ್ತಿದ್ದಾರೋ!" ಎಂದರು. ಯಜಮಾನರು ನಗಲಿಲ್ಲ. ಅವರ ಕೈ ತಾನಾಗಿ ಬೆಲ್ಟಿನ ಮೇಲೆ ಹೋಯಿತು.

"ಸಣ್ಣ ಆಗಿದ್ದೀರಾ ಸರ್?"

"ವಾಕಿಂಗ್ ಮಾಡ್ತೀನಲ್ಲ."

"ಯಾವಾಗಿಂದ?"

"ಹತ್ತು ವರ್ಷ ಆಯ್ತು."

ಹತ್ತು ವರ್ಷ ತೂಕ ಇಳಿಸದ ವಾಕಿಂಗ್ ಈಗ ಯಾಕೆ ಇಳಿಸಬೇಕು? ಬೆಲ್ಟಿಗೆ ಮನೆಯಲ್ಲೇ ಮೊಳೆ ಬಡಿದು ತೂತು ಮಾಡಿಕೊಂಡಿದ್ದರು. ಒಂದಲ್ಲ, ಮೂರು.

ಆಪ್ತಸಲಹೆಗಾರರಿಗೆ ಒಂದು ದೌರ್ಬಲ್ಯ ಇರುತ್ತದೆ, ನನಗೂ ಇದೆ. ಯಾರೇ ಬಂದರೂ ಕಾರಣವನ್ನು ಮನಸ್ಸಿನಲ್ಲೇ ಹುಡುಕುತ್ತೇವೆ. ನಿವೃತ್ತಿ, ಸಿಡುಕು, ನಿದ್ದೆಗೇಡು, ಜನರಿಂದ ದೂರ ಇರುವುದು: ಖಿನ್ನತೆ ಎಂದು ಬರೆದುಕೊಳ್ಳಲು ಇಷ್ಟು ಸಾಕಾಗಿತ್ತು. ನಾನು ಬರೆದುಕೊಂಡೂ ಇದ್ದೆ. ಖಿನ್ನತೆಯಿಂದ ತೂಕ ಇಳಿಯುವುದು ನಿಜವೇ. ಆದರೆ ಹಾಗೆ ಇಳಿದವರಿಗೆ ಸಾಮಾನ್ಯವಾಗಿ ಊಟ ಸೇರುವುದಿಲ್ಲ. ಇವರು ಮೊದಲಿಗಿಂತ ಜಾಸ್ತಿ ಉಣ್ಣುತ್ತಿದ್ದರು. ಊಟ ಹೆಚ್ಚಾಗಿಯೂ ತೂಕ ಇಳಿಯುತ್ತಿದ್ದರೆ ಮೊದಲು ದೇಹವನ್ನು ನೋಡಿಸಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕರುಳು ಆಹಾರವನ್ನು ಹೀರಿಕೊಳ್ಳದೇ ಇರಬಹುದು.

"ರಾತ್ರಿ ಏಳೋದು ಯಾಕೆ?" ಎಂದು ಕೇಳಿದೆ. ಮೂತ್ರಕ್ಕೆ ಎಂದರು. ಬಾಯಿ ಒಣಗುತ್ತದೆ, ಅದಕ್ಕೆ ಹಾಸಿಗೆ ಪಕ್ಕ ನೀರು ಇಟ್ಟುಕೊಳ್ಳುತ್ತೇನೆ ಎಂದರು. ನಾನು ಖಿನ್ನತೆ ಎಂದು ಬರೆದಿದ್ದರ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದೆ.

ಏಳು ತಿಂಗಳ ಹಿಂದೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಆಗಿನ ಚೀಟಿಯಲ್ಲಿ ತೂಕ 78 ಕೆಜಿ. ಸಕ್ಕರೆ ಗಡಿಯ ಹತ್ತಿರ ಇದೆ, ಮತ್ತೆ ತೋರಿಸಿ ಎಂದೂ ಬರೆದಿದ್ದರು. ಮತ್ತೆ ತೋರಿಸಿರಲಿಲ್ಲ. ಈಗ ಎಷ್ಟಿದೆ ಎಂದರೆ, "ನೋಡಿಲ್ಲ." ಮನೆಯಲ್ಲಿ ತೂಕದ ಮಷಿನ್ ಇದೆ. ಅದನ್ನು ಮಂಚದ ಕೆಳಗೆ ತಳ್ಳಿದ್ದು ಇವರೇ.

ಎರಡನೇ ಭೇಟಿಗೆ ಅವರನ್ನು ಒಬ್ಬರೇ ಬರಲು ಹೇಳಿದೆ. ನಿಜವಾದ ಮಾತು ಅವತ್ತು ಬಂತು. ಅವರ ತಂದೆ ಹೀಗೇ ಸಣ್ಣ ಆಗುತ್ತಾ ಹೋದರಂತೆ. ಆಸ್ಪತ್ರೆಗೆ ಕರೆದುಕೊಂಡು ಹೋದರು, ಕ್ಯಾನ್ಸರ್ ಎಂದರು, ಎರಡೇ ತಿಂಗಳು. "ಟೆಸ್ಟ್ ಮಾಡಿಸೋವರೆಗೂ ಓಡಾಡ್ಕೊಂಡಿದ್ರು. ಮಾಡಿಸಿದ ಮೇಲೆ ತಾನೇ ಹೋಗಿದ್ದು?"

ಟೆಸ್ಟಿನಿಂದ ಯಾರೂ ಸಾಯುವುದಿಲ್ಲ, ತಡವಾಗಿದ್ದೇ ಕಾರಣ ಎಂದು ವಾದ ಮಾಡಬಹುದಿತ್ತು. ಮಾಡಲಿಲ್ಲ. ಈ ಲೆಕ್ಕ ತಪ್ಪು ಎಂದು ಅವರಿಗೂ ಗೊತ್ತು. ಗೊತ್ತಿದ್ದರೂ ಹೆದರಿಕೆ ಹೋಗುವುದಿಲ್ಲ, ಅಲ್ವಾ? "ಏನೂ ಇರಲ್ಲ ಬಿಡಿ" ಎಂದೂ ಹೇಳಲಿಲ್ಲ. ಹಾಗೆ ಹೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ನಾನು ಡಾಕ್ಟರ್ ಅಲ್ಲ, ಆದರೂ ಗೊತ್ತಿದ್ದಷ್ಟನ್ನು ನೇರವಾಗಿ ಹೇಳಿದೆ. ಪ್ರಯತ್ನವಿಲ್ಲದೆ 6ರಿಂದ 12 ತಿಂಗಳಲ್ಲಿ ದೇಹದ ತೂಕದ 5 ಶೇಕಡಾ ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. 78 ಕೆಜಿ ಇದ್ದವರಿಗೆ ಅದು ಹತ್ತಿರ ಹತ್ತಿರ 4 ಕೆಜಿ. ಇದಕ್ಕೆ ಕ್ಯಾನ್ಸರ್ ಒಂದು ಕಾರಣ, ಆದರೆ ಬಹುಪಾಲು ಜನರಲ್ಲಿ ಕಾರಣ ಅದಲ್ಲ. ಕ್ಷಯ, ಹೊಟ್ಟೆಯ ಹುಣ್ಣು, ಹೃದಯ ಅಥವಾ ಶ್ವಾಸಕೋಶದ ಹಳೇ ಕಾಯಿಲೆ, ಕೆಲವು ಮಾತ್ರೆಗಳು, ಕೊನೆಗೆ ಸರಿಯಾಗಿ ಕೂರದ ಹಲ್ಲಿನ ಸೆಟ್ ಕೂಡ ಆಗಬಹುದು. ವಯಸ್ಸಾದವರಲ್ಲಿ ಹಲ್ಲಿನ ಕಾರಣವನ್ನು ಯಾರೂ ಕೇಳುವುದೇ ಇಲ್ಲ. ಎಲ್ಲ ಪರೀಕ್ಷೆ ಮಾಡಿದರೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಾರಣ ಸಿಗುವುದಿಲ್ಲ. ಅಂಥವರನ್ನು ಕೆಲವು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ.

ಆಮೇಲೆ ಒಂದು ಪ್ರಶ್ನೆ ಕೇಳಿದೆ. "ಒಂದು ವೇಳೆ ಕೆಟ್ಟ ಸುದ್ದಿ ಬಂದ್ರೆ ಅದನ್ನು ಮೊದಲು ಯಾರು ಕೇಳಬೇಕು? ನೀವಾ, ನಿಮ್ಮ ಮನೆಯವರಾ?" ತುಂಬಾ ಹೊತ್ತು ಸುಮ್ಮನಿದ್ದರು. ಇಬ್ಬರೂ ಒಟ್ಟಿಗೆ ಕೇಳಬೇಕು ಎಂದರು. ತಂದೆಗೆ ಕಾಯಿಲೆಯ ಹೆಸರನ್ನು ಯಾರೂ ಹೇಳಿರಲಿಲ್ಲವಂತೆ. ಇವರು ಕೆಟ್ಟ ಸುದ್ದಿಗಿಂತ ಹೆಚ್ಚು ಹೆದರಿದ್ದು ಬೇರೆಯವರು ಬಾಗಿಲಾಚೆ ಪಿಸುಗುಡುವುದಕ್ಕೆ. ಅದು ಗೊತ್ತಾದ ಮೇಲೆ ನನ್ನ ಕೆಲಸ ಸುಲಭವಾಯಿತು.

ಅವತ್ತು ಮೂರು ಸಣ್ಣ ಕೆಲಸ ಕೊಟ್ಟೆ. ಒಂದು, ನಾಳೆ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನದೆ, ತೆಳು ಬಟ್ಟೆಯಲ್ಲಿ ತೂಕ ನೋಡಿ ಬರೆಯುವುದು. ಎರಡು, ಹೆಂಡತಿಯ ಜೊತೆ ಕೂತು ಒಂದು ಹಾಳೆ ಬರೆಯುವುದು: ಹಳೇ ತೂಕ ಎಷ್ಟು, ಯಾವಾಗಿಂದ ಇಳಿಯಿತು, ಹಸಿವು ಹೇಗಿದೆ, ನುಂಗಲು ತೊಂದರೆ ಇದೆಯಾ, ಮಲದ ಬಣ್ಣ ಅಥವಾ ಅಭ್ಯಾಸ ಬದಲಾಯಿತಾ, ಕೆಮ್ಮು, ಜ್ವರ, ರಾತ್ರಿ ಬೆವರು, ಎಲ್ಲಾದರೂ ಗಂಟು, ತೆಗೆದುಕೊಳ್ಳುವ ಎಲ್ಲಾ ಮಾತ್ರೆ, ಗಿಡಮೂಲಿಕೆ ಔಷಧಿಯನ್ನೂ ಸೇರಿಸಿ. ಮೂರು, ಈ ವಾರವೇ ಡಾಕ್ಟರ ಹತ್ತಿರ ಹೋಗುವುದು. ದಪ್ಪ ಆಗುವ ಪುಡಿ, ಟಾನಿಕ್ ಏನನ್ನೂ ಶುರು ಮಾಡಬೇಡಿ ಎಂದೆ. ಸಕ್ಕರೆ ಹಾಕಿದ ಪುಡಿ ಇವರಂಥವರಿಗೆ ಅಪಾಯವನ್ನೇ ತರಬಹುದಿತ್ತು.

ಹೆಂಡತಿಗೆ ಬೇರೆಯಾಗಿ ಹೇಳಿದ್ದು ಇಷ್ಟು. ವಾರ ಕಾಯಬೇಡಿ ಎನ್ನುವ ಸಂದರ್ಭಗಳಿವೆ. ಅತಿ ಬಾಯಾರಿಕೆಯ ಜೊತೆ ವಾಂತಿ, ಮಂಕು, ಜೋರಾದ ಉಸಿರಾಟ ಬಂದರೆ ಆ ಕ್ಷಣವೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ರಕ್ತ ವಾಂತಿ, ಟಾರಿನ ಹಾಗೆ ಕಪ್ಪಾದ ಮಲ, ನೀರೂ ಇಳಿಯದ ಗಂಟಲು, ಬದುಕೇ ಬೇಡ ಎನ್ನುವ ಮಾತು, ಇವುಗಳಿಗೂ ಅದೇ ಮಾತು.

ಮಷಿನ್ ಮಂಚದ ಕೆಳಗಿಂದ ಹೊರಗೆ ಬಂತು. 70 ಕೆಜಿ. ಏಳು ತಿಂಗಳಲ್ಲಿ 8 ಕೆಜಿ, ಅಂದರೆ ಹತ್ತರಲ್ಲಿ ಒಂದು ಪಾಲು.

ಡಾಕ್ಟರು ರಕ್ತ, ಥೈರಾಯ್ಡ್, ಲಿವರ್, ಕಿಡ್ನಿ, ಮೂತ್ರ, ಎದೆಯ ಎಕ್ಸ್‌ರೇ ಎಲ್ಲಾ ಮಾಡಿಸಿದರು. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಮುಟ್ಟಿದರೆ ಡಯಾಬಿಟಿಸ್ ಎನ್ನುತ್ತಾರೆ. ಇವರದು 11 ದಾಟಿತ್ತು. ಇನ್ಸುಲಿನ್ ಸಾಲದಿದ್ದಾಗ ಉಂಡಿದ್ದು ಸಕ್ಕರೆಯಾಗಿ ರಕ್ತದಲ್ಲೇ ಉಳಿದು ಮೂತ್ರದಲ್ಲಿ ಹೋಗುತ್ತದೆ. ದೇಹ ತನ್ನದೇ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳುತ್ತದೆ. ಹಸಿವು, ಬಾಯಾರಿಕೆ, ರಾತ್ರಿ ಓಡಾಟ, ಸಿಡುಕು ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಿತು.

ಅಷ್ಟಕ್ಕೇ ಮುಗಿಯಲಿಲ್ಲ. 60 ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದು ತೂಕವೂ ಇಳಿದಿದ್ದರೆ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯನ್ನೂ ನೋಡಬೇಕಾಗುತ್ತದೆ. ಅಲ್ಲಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಹೀಗೆ ಕಾಣಿಸಿಕೊಳ್ಳುತ್ತದೆ. ಡಾಕ್ಟರು ಹೊಟ್ಟೆಯ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ರಿಪೋರ್ಟ್ ಬರುವವರೆಗಿನ ನಾಲ್ಕು ದಿನಗಳೇ ಈ ಪ್ರಕರಣದ ಅತಿ ಭಾರದ ದಿನಗಳು. ಯಜಮಾನರು ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಸಲಹೆ ಅಂತ ನಾನೇನೂ ಕೊಡಲಿಲ್ಲ. ಒಂದು ದಿನ ತಂದೆಯ ಬಗ್ಗೆಯೇ ಮುಕ್ಕಾಲು ಗಂಟೆ ಮಾತಾಡಿದರು, ಅವರ ಕಾಯಿಲೆಯ ಬಗ್ಗೆ ಅಲ್ಲ, ಅವರು ಸೈಕಲ್ ಕಲಿಸಿದ ಬಗ್ಗೆ.

ರಿಪೋರ್ಟನ್ನು ಇಬ್ಬರೂ ಒಟ್ಟಿಗೆ ಕೂತು ಕೇಳಿದರು. ಗ್ರಂಥಿ ಸರಿಯಾಗಿತ್ತು.

ಮೊದಲು ಕೆಲವು ವಾರ ಇನ್ಸುಲಿನ್, ಆಮೇಲೆ ಮಾತ್ರೆ. ನಾಲ್ಕು ತಿಂಗಳಲ್ಲಿ 3 ಕೆಜಿ ವಾಪಸ್ ಬಂತು, ರಾತ್ರಿ ಏಳುವುದು ಒಂದು ಸಲಕ್ಕೆ ಇಳಿಯಿತು. ಸಿಡುಕು ಪೂರ್ತಿ ಹೋಗಿಲ್ಲ. ಅದು ಮೊದಲಿಂದಲೂ ಇತ್ತು ಎನ್ನುತ್ತಾರೆ ಹೆಂಡತಿ. ಕಳೆದ ಭೇಟಿಯಲ್ಲಿ ಅವರ ದೂರು ಬೇರೆಯದೇ: "ಈಗ ದಿನಕ್ಕೆ ನಾಲ್ಕು ಸಲ ಮಷಿನ್ ಮೇಲೆ ಹತ್ತಿ ಇಳೀತಾರೆ. ನೀವಾದ್ರೂ ಹೇಳಿ." ವಾರಕ್ಕೆ ಒಂದೇ ಸಲ, ಸೋಮವಾರ ಬೆಳಿಗ್ಗೆ ಮಾತ್ರ ಎಂದು ಹೇಳಿ, ಮಷಿನನ್ನು ಮಿಕ್ಕ ದಿನ ಹೆಂಡತಿಯ ವಶಕ್ಕೆ ಕೊಡಿಸಿದ್ದೇನೆ.