ನವೆಂಬರ್ 1ರ ಫಲಕಕ್ಕೆ ಏನೇನು ಬರೆಯಬಹುದು

ಸರ್, ಸಿಂಧನೂರಿನ ಶಾಲೆಯ ಗೋಡೆಫಲಕಕ್ಕೆ ನವೆಂಬರ್ 1ರ ಘಟನೆಗಳು ಬೇಕು, ಬಳ್ಳಾರಿ ಸೇರಿದ್ದೂ ಅವತ್ತೇನಾ ಅಂತ ಕೇಳಿದ್ದೀರಿ. ಅಲ್ಲ. ಎಲ್ಲರೂ ಎಡವೋದು ಅಲ್ಲೇ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಮದ್ರಾಸಿನಿಂದ ಆಂಧ್ರ ಬೇರೆಯಾದ ದಿನವೇ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ನಿಮ್ಮ ರಾಯಚೂರು ಬಂದಿದ್ದು ಹೈದರಾಬಾದ್ ರಾಜ್ಯದಿಂದ, 1956ರ ನವೆಂಬರ್ 1ಕ್ಕೆ, ಅದೂ ಗದ್ವಾಲ, ಆಲಂಪುರ ಬಿಟ್ಟು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಅದನ್ನು ಬೇರೆ ಜಿಲ್ಲೆ ಅಂತ ಬರೆಯಬೇಡಿ.

ಇನ್ನೊಂದು ಗೊಂದಲ: 1956ರಲ್ಲಿ ಆದದ್ದು ಏಕೀಕರಣ, ಹೆಸರು ಮೈಸೂರು ರಾಜ್ಯ. 'ಕರ್ನಾಟಕ' ಆದದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಮಕ್ಕಳು ತಪ್ಪು ಕಲೀತಾರೆ. 2014ರ ಅದೇ ದಿನ 12 ಊರುಗಳ ಹೆಸರು ಬದಲಾಯ್ತು. 'Bellary' ಅನ್ನೋ ಇಂಗ್ಲಿಷ್ ಕಾಗುಣಿತ ಹೋಗಿ 'Ballari' ಆದದ್ದು ಆಗ. ರಾಯಚೂರು, ಕೊಪ್ಪಳ ಆ ಪಟ್ಟಿಯಲ್ಲಿಲ್ಲ.

ಹೊರಗಿನವು ಬೇಕಂದ್ರೆ 1956ರಲ್ಲೇ ಕೇರಳ, 1966ರಲ್ಲಿ ಹರಿಯಾಣ, 2000ದಲ್ಲಿ ಛತ್ತೀಸ್‌ಗಢ. 1755ರಲ್ಲಿ ಲಿಸ್ಬನ್ ಭೂಕಂಪ. ಇವು ಸಣ್ಣ ಅಕ್ಷರದಲ್ಲಿದ್ದರೆ ಸಾಕು.

ಬರೆಯುವಾಗ ಇಸವಿ ಮೊದಲು, ದಪ್ಪಗೆ. ಜೊತೆಗೆ ನಿರ್ಣಯ ಆದ ದಿನವೋ, ಜಾರಿಗೆ ಬಂದ ದಿನವೋ ನೋಡ್ಕೊಳ್ರಿ. ರಾಜ್ಯದ ಹೆಸರು ಬದಲಾವಣೆಯ ನಿರ್ಣಯ 1972ರ ಜುಲೈದು.