ಮೀನುಗಾರಿಕೆ ನಿಷೇಧದ ತಿಂಗಳಲ್ಲಿ ಖಾನಾವಳಿ ನವೀಕರಣ ಮಾಡಬಹುದೇ?

ಕಾರವಾರದ ಓದುಗರೊಬ್ಬರ ಪತ್ರದ ಸಾರ: ಗಂಡ-ಹೆಂಡತಿ ಸೇರಿ ಬಾಡಿಗೆ ಕಟ್ಟಡದಲ್ಲಿ ಮೀನೂಟದ ಖಾನಾವಳಿ ನಡೆಸುತ್ತಿದ್ದೇವೆ. ಹೆಂಚಿನ ಮಾಡು, ಕೆಂಪು ಕಲ್ಲಿನ ಗೋಡೆ. ಮಳೆಗಾಲದಲ್ಲಿ ಅಡುಗೆಮನೆಯ ಮೂಲೆ ಸೋರುತ್ತದೆ, ಗಾರೆ ಉದುರುತ್ತಿದೆ. ಎದುರಿನ ಹೋಟೆಲಿಗೆ ಗಾಜಿನ ಬಾಗಿಲು ಬಂದ ಮೇಲೆ ನಮ್ಮದು ತೀರಾ ಹಳೆಯದಾಗಿ ಕಾಣುತ್ತಿದೆ. ಜೂನ್, ಜುಲೈಯಲ್ಲಿ ಹೇಗೂ ಗಿರಾಕಿಗಳು ಕಡಿಮೆ. ಆಗ ಬಾಗಿಲು ಹಾಕಿ ಎಲ್ಲ ಕೆಲಸ ಮುಗಿಸಬಹುದೇ?

ಪ್ರಿಯ ಸಹೋದರಿ,

ವ್ಯಾಪಾರದ ಲೆಕ್ಕದಲ್ಲಿ ನೀವು ಹೇಳುವುದು ಸರಿ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಅದರ ಬೆನ್ನಿಗೇ ಶ್ರಾವಣ. ಚೌತಿ ಕಳೆಯುವವರೆಗೆ ನಿಮ್ಮೂರಿನ ಎಷ್ಟೋ ಮನೆಗಳಲ್ಲಿ ಮೀನು ಮುಟ್ಟುವುದಿಲ್ಲ. ಆದರೆ ಕರಾವಳಿಯಲ್ಲಿ ಗೋಡೆ ಒಣಗದ ತಿಂಗಳುಗಳೂ ಅವೇ. ಹೊಸ ಗಾರೆಗೆ ಮೊದಲ ವಾರ ನೀರು ಬೇಕು, ಆಮೇಲೆ ವಾರಗಟ್ಟಲೆ ಬಿಸಿಲು, ಗಾಳಿ ಬೇಕು. ಜುಲೈಯಲ್ಲಿ ಗಾರೆ ಮಾಡಿಸಿ ಆಗಸ್ಟ್‌ನಲ್ಲಿ ಬಣ್ಣ ಬಳಿದರೆ ಒಳಗಿನ ತೇವ ಬಣ್ಣವನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ. ತೇವ ಹೀರಿ ಹಿಗ್ಗಿದ ಹಲಗೆಯಿಂದ ಬಾಗಿಲು ಮಾಡಿಸಿದರೆ ಜನವರಿಯ ಒಣಹವೆಗೆ ಸಂದು ಬಿಡುತ್ತದೆ.

ಆದ್ದರಿಂದ ಕೆಲಸವನ್ನು ಒಡೆದುಕೊಳ್ಳಿ. ಮಾಡಿನ ಕೆಲಸ ಏಪ್ರಿಲ್‌ನಲ್ಲೇ ಆಗಲಿ. ಹೆಂಚು ಇಳಿಸಿದಾಗ ಅದನ್ನು ಹೊರುವ ಮರದ ರೀಪು, ಪಕಾಸುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ನೀವೇ ಎದುರು ನಿಂತು ನೋಡಿ. ಗಾರೆಯನ್ನು ಮಾತ್ರ ಆಗ ಮುಟ್ಟಬೇಡಿ. ಮಾಡು ಸರಿಯಾದ ಮೇಲೆ ಒಂದು ಮಳೆಗಾಲ ಗೋಡೆಯನ್ನು ಗಮನಿಸಿ, ತೇವ ಎಲ್ಲಿಯವರೆಗೆ ಬಂತೆಂದು ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಮೇಲಿನಿಂದ ಇಳಿಯುವ ತೇವ ನಿಂತು, ಬುಡದಿಂದ ಏರುವುದು ಮುಂದುವರಿದರೆ ದೋಷ ನೆಲದಲ್ಲೋ ಹೊರಗಿನ ಚರಂಡಿಯಲ್ಲೋ ಇದೆ. ಅದನ್ನು ಸರಿಪಡಿಸದೆ ಎಷ್ಟು ಸಲ ಗಾರೆ ಮಾಡಿಸಿದರೂ ಹಣ ವ್ಯರ್ಥ. ಇಷ್ಟು ತಾಳ್ಮೆಯನ್ನು ನೀವು ತೋರಲೇಬೇಕು ಎಂಬುದು ನನ್ನ ಕಳಕಳಿ.

ಗಿರಾಕಿಗಳಿಲ್ಲದ ಆ ಎರಡು ತಿಂಗಳು ಒಳಗಿನ ಕೆಲಸಕ್ಕಿರಲಿ: ವೈರಿಂಗ್, ನೀರಿನ ಕೊಳವೆ, ಹೊಗೆ ಎಳೆಯುವ ಫ್ಯಾನು, ಕಡಪಾ ಕಲ್ಲಿನ ಕಟ್ಟೆ. ಸ್ವಿಚ್ ಮುಟ್ಟಿದರೆ ಈಗಲೇ ಶಾಕ್ ಹೊಡೆಯುತ್ತಿದ್ದರೆ ಜೂನ್ ಬರಲಿ ಎಂದು ಕಾಯಬೇಡಿ, ನಾಳೆಯೇ ಕರೆಸಿ. ಗಾರೆ, ಬಣ್ಣ ದೀಪಾವಳಿಯ ನಂತರ, ಒಂದೊಂದು ಗೋಡೆಯಂತೆ. ಆಗ ಪ್ರವಾಸಿಗರು ಬರುವ ಕಾಲ, ಪೂರ್ತಿ ಮುಚ್ಚಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಹಾಕಿಸುವುದಾದರೆ 316 ದರ್ಜೆಯದನ್ನು ಕೇಳಿ. ಸಾಮಾನ್ಯವಾಗಿ ಸಿಗುವ 304 ಉಪ್ಪುಗಾಳಿಗೆ ಬೇಗ ಕಲೆ ಹಿಡಿಯುತ್ತದೆ.

ಗಾಜಿನ ಬಾಗಿಲು ಬೇಡ. ಅದು ಬಂದರೆ ಎ.ಸಿ. ಬೇಕು, ಎ.ಸಿ. ಬಂದರೆ ಊಟದ ದರ ಏರಬೇಕು, ನಿಮ್ಮ ನಿತ್ಯದ ಗಿರಾಕಿಗಳು ಆ ದರ ಕೊಡುವವರಲ್ಲ. ಅವರು ಬರುವುದು ನಿಮ್ಮ ಬಂಗಡೆ ಸಾರಿಗೆ.

ಇದೆಲ್ಲಕ್ಕಿಂತ ಮೊದಲು ಬಾಡಿಗೆ ಕರಾರನ್ನು ತೆಗೆದು ಓದಿ. 11 ತಿಂಗಳ ಕಾಗದವಾಗಿದ್ದರೆ ಅದನ್ನು ನಂಬಿ ದೊಡ್ಡ ಖರ್ಚಿಗೆ ಇಳಿಯಬೇಡಿ. ಕನಿಷ್ಠ ಐದು ವರ್ಷಕ್ಕೆ ಕರಾರು ಮಾಡಿಕೊಂಡು ನೋಂದಣಿ ಮಾಡಿಸಿ; ಒಂದು ವರ್ಷ ಮೀರಿದ ಕರಾರಿಗೆ ಅದು ಕಡ್ಡಾಯ. ಮಾಡಿನ ದುರಸ್ತಿಯಿಂದ ಉಳಿಯುವುದು ಮಾಲೀಕರ ಆಸ್ತಿ. ಆ ಖರ್ಚನ್ನು ಬಾಡಿಗೆಯಲ್ಲಿ ವಜಾ ಮಾಡುವುದಾಗಿ ಅವರಿಂದ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ, ನಾಳೆ ಮುಂಬೈಯಲ್ಲಿರುವ ಅವರ ಮಕ್ಕಳು ಬಂದು ಕೇಳಿದಾಗ ನಿಮ್ಮ ನೆರವಿಗೆ ಬಾರದು.

— ಸಂಪಾದಕ